ಕೇಳದೆ ಕೇಳಿಸಿದ ದನಿ

"ಬಂಧುಗಳೇ, ಈಗ ಚಹಾ ವಿರಾಮ. ಕತ್ತಲಿ ಐತಿ, ಕುರ್ಚಿಗೆ ಕಾಲ ಹಾಯಿಸ್ಕೋಬ್ಯಾಡ್ರಿ. ಸಾವಕಾಶ ಹೊರಗ ನಡೀರಿ..."

ಚಿಕ್ಕೋಡಿಯ ತರಬೇತಿ ಸಭಾಂಗಣದಲ್ಲಿ ಆಗಷ್ಟೇ ಕರೆಂಟು ಹೋಗಿತ್ತು. ಪ್ರೊಜೆಕ್ಟರ್ ಚೆನ್ನಾಗಿ ಕಾಣಲೆಂದು ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದಿದ್ದರಿಂದ ಒಳಗೆ ಹಾಡಹಗಲೇ ಅಮಾವಾಸ್ಯೆ. ಯಾರ ಮುಖವೂ ಯಾರಿಗೂ ಕಾಣದು. ಆದರೆ ಆ ದನಿ ಎಲ್ಲರಿಗೂ ಗೊತ್ತು. ಸ್ವಲ್ಪ ಮೂಗಿನಿಂದ ಹೊರಟು, 'ಬಂಧುಗಳೇ' ಎಂಬಲ್ಲಿ ಒಂದು ಮೆಟ್ಟಿಲು ಹತ್ತಿ, ವಾಕ್ಯದ ಕೊನೆಗೆ ಮೆಲ್ಲಗೆ ಇಳಿಯುವ ದನಿ. ಶಿಕ್ಷಕರಿಗೆ ಡಿಜಿಟಲ್ ಪಾಠ ಹೇಳಿಕೊಡಲು ಬಂದಿದ್ದ ಗಣಿತದ ಮಾಸ್ತರ ವೃಷಭ ಚೌಗುಲೆ ಸರ್ ಅವರದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದು ತಾಲೂಕಿನಿಂದ ಬಂದಿದ್ದ ಮಾಸ್ತರರು, ಮೇಡಂಗಳೆಲ್ಲ ಎದ್ದರು. ದೂರ ಕಲಿಕೆಗೆ ಅವರ ಸಿದ್ಧತೆ ಎಷ್ಟೋ ಏನೋ, ಚಹಾಕ್ಕೆ ಮಾತ್ರ ನೂರಕ್ಕೆ ನೂರು.

ಸಭಾಂಗಣ ಖಾಲಿಯಾಯಿತು.

ಆಗ ವೇದಿಕೆಯ ಹಿಂದಿನ ಕೋಣೆಯ ಬಾಗಿಲು ತೆರೆದು, ಮೊಬೈಲಿನ ಟಾರ್ಚ್ ಹಿಡಿದು, ನಿಜವಾದ ವೃಷಭ ಹೊರಗೆ ಬಂದ.

ಸಾಲು ಸಾಲು ಖಾಲಿ ಕುರ್ಚಿ. ಹಿಂದಿನ ಸಾಲಿನಲ್ಲಿ ಒಬ್ಬಳೇ ಒಬ್ಬಳು, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಭುಜ ಕುಲುಕುತ್ತಿದ್ದವು.

"ಮಂದಿ ಎಲ್ಲಿ ಹೋದ್ರು?"

"ಚಹಾಕ್ಕ ಹೋಗ್ಯಾರ್ರಿ ಸರ್."

"ಯಾರ್ ಹೇಳಿದ್ರು?"

"ನೀವ ಹೇಳಿದ್ರೆಲ್ರಿ."

"ನಾನು ಒಳಗ ಬ್ಯಾಟರಿ ಜೋಡಸಾಕತ್ತಿದ್ನಿ."

ಇಲ್ಲಿಗೆ ಮಯೂರಿ ಮಗದುಮ್ ಸುಮ್ಮನಿರಬೇಕಿತ್ತು. ಸುಮ್ಮನಿರುವುದನ್ನು ಕಲಿತಿದ್ದರೆ ಅವಳು ಮಯೂರಿಯೇ ಆಗುತ್ತಿರಲಿಲ್ಲ.

"ಬಂಧುಗಳೇ," ಎಂದಳು, ಅದೇ ಮೂಗಿನ ದನಿಯಲ್ಲಿ, "ಬ್ಯಾಟರಿ ಕೂಡಸಾಕ ನೀವು, ಮಂದಿ ಓಡಸಾಕ ನಾನು. ಕೆಲಸಾ ಹಂಚ್ಕೊಂಡ್ರ ಹಗರ ಆಕ್ಕೈತಿ."

ಟಾರ್ಚಿನ ಬೆಳಕು ಅವಳ ಮುಖದ ಮೇಲೆ ಬಂದು ನಿಂತಿತು.

'ಮುಗೀತು. ಈಗ ಬೈತಾನ...' ಅಂದುಕೊಂಡಳು.

"ಇನ್ನೊಮ್ಮೆ ಅನ್ರಿ," ಎಂದ ವೃಷಭ.

"ಏನ್ರಿ?"

"ಬಂಧುಗಳೇ ಅಂತ."

ಅಂದಳು.

"ನಾನು ಖರೇನ ಹಿಂಗ ಮೂಗಿನ್ಯಾಗ ಮಾತಾಡ್ತೀನೇನು?"

"ಇಲ್ರಿ ಸರ್. ನಾ ಸ್ವಲ್ಪ ಕಮ್ಮಿ ಮಾಡೇನಿ."

ವೃಷಭ ನಕ್ಕುಬಿಟ್ಟ. ಮಾತಷ್ಟೇ ಮೂಗಿನಿಂದ, ನಗು ಎದೆಯಿಂದ ಬಂತು. ಆಳದಿಂದ, ಒಂದಿಷ್ಟು ತಡವಾಗಿ, ಬೋರ್‌ವೆಲ್ಲಿನ ನೀರಿನ ಹಾಗೆ.

ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಮಯೂರಿಯ ಗಂಟಲು ಅದನ್ನು ಇಟ್ಟುಕೊಳ್ಳುತ್ತಿತ್ತು. ಆದರೆ ಆ ನಗು...

'ಇದ ಒಂದ್ ನನಗ ಬರೂದಿಲ್ಲ' ಅನಿಸಿತು.

* * *

ಮಯೂರಿ ಶೇಡಬಾಳದವಳು. ಕಾಗವಾಡ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಆ ದಿನ ಚಹಾ ಮುಗಿದು ಎಲ್ಲರೂ ಮರಳಿ ಕೂತ ಮೇಲೆ, ವೃಷಭ ಸ್ಮಾರ್ಟ್ ಬೋರ್ಡಿನ ಗುಣಗಾನ ಮಾಡುತ್ತಿರುವಾಗ ಕೈ ಎತ್ತಿದ್ದೂ ಅವಳೇ.

"ಸರ್, ಬೋರ್ಡ್ ಚಲೋ ಐತ್ರಿ. ಆದ್ರ ಕೃಷ್ಣಾ ಹೊಳಿ ಏರಿದಾಗ ನಮ್ಮ ಸಾಲಿ ಕಾಳಜಿ ಕೇಂದ್ರ ಆಕ್ಕೈತಿ. ಮುಳುಗಿದ ಮನಿಯವ್ರು ಬಂದು ಸಾಲ್ಯಾಗ ಇರ್ತಾರ. ಹುಡುಗ್ರು ಯಾರ್ಯಾರೋ ಬೀಗರ ಊರಿಗೆ ಹೋಗ್ತಾರ. ಬೋರ್ಡ್ ಗ್ವಾಡಿ ಮ್ಯಾಲ, ಹುಡುಗ್ರು ಹೊಳಿ ಆಚಿ. ಆವಾಗ ಏನ್ ಮಾಡೂದ್ರಿ?"

ವೃಷಭ ದೂರ ಕಲಿಕೆಯ ಬಗ್ಗೆ ಬೆಳಗಿನಿಂದ ಮಾತಾಡಿದ್ದ. ಹುಡುಗರು ಎಷ್ಟು ದೂರ, ಯಾವ ದಿಕ್ಕಿಗೆ ಎಂದು ಯಾರೂ ಕೇಳಿರಲಿಲ್ಲ.

"ನೀವೇನ್ ಮಾಡ್ತೀರಿ?" ಎಂದು ಕೇಳಿದ. ಅದು ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ; ನಿಜಕ್ಕೂ ಗೊತ್ತಿಲ್ಲದವನ ಪ್ರಶ್ನೆ.

"ದನಿ ಕಳಸ್ತೀನ್ರಿ," ಎಂದಳು ಮಯೂರಿ.

ಸಂಜೆ ಅವನ ಮೊಬೈಲಿಗೂ ಅಂಥದೊಂದು ದನಿಪಾಠ ಕಳಿಸಿದಳು. ಊರಿಗೆ ಹೊರಟಿದ್ದ ವೃಷಭ ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅದನ್ನು ಕಿವಿಗೆ ಹಚ್ಚಿಕೊಂಡ.

ಪಾಠ ಗಾಳಿಯ ಒತ್ತಡದ್ದು. ಒಂದು ಲೋಟ ಕಬ್ಬಿನ ಹಾಲು, ಅದರೊಳಗೊಂದು ಕೊಳವೆ. ಕೊಳವೆಯೊಳಗಿನ ಗಾಳಿಯನ್ನು ನೀವು ಹೀರಿಕೊಳ್ಳುತ್ತೀರಿ, ಅಲ್ಲಿ ಜಾಗ ತೆರವಾಗುತ್ತದೆ. ಆಗ ಹೊರಗಿನ ಗಾಳಿ ಗದರುತ್ತದೆ: "ಯಾರದು ಜಾಗಾ ಖಾಲಿ ಬಿಟ್ಟವ್ರು? ಮುಂದ ಸರೀರಿ. ಸಾಲ ಹಿಡೀರಿ. ಮ್ಯಾಲ ನಡೀರಿ, ನಡೀರಿ." ಕಬ್ಬಿನ ಹಾಲು ನರಳುತ್ತದೆ: "ತಡಿಯೋ ಯಪ್ಪಾ, ಮೊಣಕಾಲ ಹಿಡದಾವು... ಹತ್ತಾಕತ್ತೇನಲ್ಲ." ಹೀಗೆ ನರಳುತ್ತಾ, ಬೈಯುತ್ತಾ ಹಾಲು ಮೇಲೇರಿ ನಿಮ್ಮ ಬಾಯಿ ಸೇರುತ್ತದೆ. ಎಳೆದದ್ದು ನೀವಲ್ಲ, ದೂಡಿದ್ದು ಗಾಳಿ.

ವೃಷಭ ಒಬ್ಬನೇ ನಗುತ್ತಿರುವುದನ್ನು ಕಂಡು ಪಕ್ಕದಲ್ಲಿದ್ದವರು ತಮ್ಮ ಚೀಲ ಹತ್ತಿರ ಎಳೆದುಕೊಂಡರು.

"ಮೇಡಂ, ಗಾಳಿ ಯಾರ ದನಿ?" ಫೋನು ಮಾಡಿ ಕೇಳಿದ.

"ನಮ್ಮ ಹೆಡ್ ಮಾಸ್ತರ ನಾಮದೇವ ಸರ್‌ದು. ಪ್ರಾರ್ಥನಾ ಸಾಲಿನ್ಯಾಗ ದಿನಾ ಹಂಗ ದೂಡ್ತಾರ."

"ಕಬ್ಬಿನ ಹಾಲು?"

"ನಮ್ಮ ಆಯಿ, ಅಪ್ಪನ ಅವ್ವ. ಬಸದಿ ಮೆಟ್ಟಲಾ ಹತ್ತುವಾಗಿನ ದನಿ."

"ಅವ್ರಿಗೆಲ್ಲಾ ಗೊತ್ತೈತೇನು?"

"ಗೊತ್ತಾದ್ರ ಪಾಠ ಆಗೂದಿಲ್ರಿ, ಜಗಳ ಆಕ್ಕೈತಿ."

ಅಂದಿನಿಂದ ಅವಳ ಪಾಠಗಳಿಗೆ ವೃಷಭ ಜೊತೆಗಾರನಾದ. ರೇಂಜು ಸಿಗದ ಕಡೆಗೂ ಹೋಗುವಂತೆ ಫೈಲುಗಳನ್ನು ಸಣ್ಣ ಮಾಡಿಕೊಟ್ಟ. ಕೀಪ್ಯಾಡ್ ಫೋನಿನವರಿಗೆಂದು ಮೆಮೊರಿ ಕಾರ್ಡಿಗೆ ತುಂಬಿಸುವುದನ್ನು ಕಲಿಸಿದ. ಕುರಿಗಾರ ಬೀರದೇವ ಕುರಿ ಹೊಡೆದುಕೊಂಡು ಕೊಕಟನೂರಿನ ಕಡೆ ಹೋದಾಗ, ಅವನ ಮಗಳು ಹಟ್ಟಿಯಲ್ಲೇ ಕೂತು ಪಾಠ ಕೇಳುವಂತಾಯಿತು. ಕುರಿಗಳೂ ಕೇಳಿದವು. ಅವುಗಳಿಗೆ ಪರೀಕ್ಷೆ ಇರಲಿಲ್ಲ, ಅಷ್ಟೇ.

ಪಾಠದ ನೆಪದಲ್ಲಿ ದಿನಾ ಸಂಜೆ ಫೋನು. ಪಾಠದ ಮಾತು ಬೇಗ ಮುಗಿಯುತ್ತಿತ್ತು. ಆಮೇಲೆ ಬಹಳ ಹೊತ್ತು ಇಬ್ಬರೂ ಫೋನು ಇಡುತ್ತಿರಲಿಲ್ಲ.

"ಮತ್ತ... ಊಟ ಆಯ್ತ್ರಿ?"

"ಹೊತ್ತ ಮುಳುಗೂ ಮುಂಚೆನ ಆಯ್ತ್ರಿ. ನಮ್ಮ ಆಯಿ ದೀಪಾ ಹಚ್ಚಿದ ಮ್ಯಾಲ ಒಂದ ಕಾಳ ಮುಟ್ಟಾಕ ಬಿಡೂದಿಲ್ಲ. ನಿಮ್ದು?"

"ಕೊಗನೊಳ್ಳ್ಯಾಗ ನಮ್ಮ ಮನ್ಯಾಗೂ ಹಂಗ. ನಾವೂ ಜೈನರ ಅದೀವಲ್ರಿ. ಆದ್ರ ಚಿಕ್ಕೋಡಿ ಖಾನಾವಳಿಯವಂಗ ಅದು ಗೊತ್ತಿಲ್ಲ."

ಐದು ತಾಲೂಕಿನ ಶಿಕ್ಷಕರ ಮುಂದೆ ದಿನವಿಡೀ ಮಾತಾಡುವ ಮನುಷ್ಯ, ಒಬ್ಬಳ ಮುಂದೆ ಊಟದಾಚೆ ಹೋಗುತ್ತಿರಲಿಲ್ಲ.

'ಇಂವ ನನ್ನ ಪಾಠ ಕೇಳ್ತಾನೋ, ನನ್ನ ದನಿ ಕೇಳ್ತಾನೋ...' ಎಂದು ಮಯೂರಿ ಯೋಚಿಸುತ್ತಿದ್ದಳು. ಕೇಳಬೇಕೆನಿಸುತ್ತಿತ್ತು. ಊರಿನವರ ದನಿಯನ್ನೆಲ್ಲ ತನ್ನ ಬಾಯಲ್ಲಿಟ್ಟುಕೊಂಡವಳಿಗೆ ತನ್ನದೇ ದನಿ ಮಾತ್ರ ಆ ಹೊತ್ತಿಗೆ ಕೈಕೊಡುತ್ತಿತ್ತು.

* * *

ಆಗಸ್ಟಿನಲ್ಲಿ ಹೊಳೆ ಏರಿತು.

ಶಾಲೆಯ ಕೋಣೆಗಳಲ್ಲಿ ಒಲೆ ಉರಿದವು. ಸ್ಮಾರ್ಟ್ ಬೋರ್ಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೊಂದು ಹಗ್ಗ ಕಟ್ಟಿ ಸೀರೆ ಒಣಹಾಕಿದರು. ಹುಡುಗರು ಚದುರಿದರು. ಮಯೂರಿಯ ದನಿ ಅವರ ಹಿಂದೆಯೇ ಹೋಯಿತು, ಮೀರಜದ ಬೀಗರ ಮನೆಗೆ, ಅಥಣಿಯ ಸೋದರಮಾವನ ತೋಟಕ್ಕೆ, ಕುರಿಹಟ್ಟಿಗೆ.

ಅದೇ ವಾರ ಐದೂ ತಾಲೂಕಿನ ಶಿಕ್ಷಕರಿಗೆ ಆನ್‌ಲೈನ್ ಸಭೆ. ಮೇಲಿನ ಸಾಹೇಬರೊಬ್ಬರು ಕೇಳಿದರು, "ಶಾಲೆ ಬಂದಾದರೂ ಪಾಠ ನಡೆಯುತ್ತಿರುವ ಒಂದಾದರೂ ಕಡೆ ಇದೆಯೇ?"

"ಇದೆ ಸರ್," ಎಂದ ವೃಷಭ. ಅವನ ದನಿಯಲ್ಲಿ ಹೆಮ್ಮೆ ಇತ್ತು. "ಬಂಧುಗಳೇ, ಒಂದು ಪಾಠ ಕೇಳಿಸ್ತೀನಿ."

ಮನೆಯಲ್ಲಿ ಫೋನು ಹಿಡಿದು ಕೂತಿದ್ದ ಮಯೂರಿ ಎದ್ದು ನಿಂತಳು.

'ಬ್ಯಾಡ್ರಿ... ನನ್ನ ಕೇಳಿಲ್ಲ ನೀವು...'

ಅಷ್ಟರಲ್ಲಿ ಗಾಳಿ ಗದರಿತು: "ಯಾರದು ಜಾಗಾ ಖಾಲಿ ಬಿಟ್ಟವ್ರು? ಮುಂದ ಸರೀರಿ..."

ಒಂದು ಮೈಕಿನಿಂದ ನಗು, ಮತ್ತೊಂದರಿಂದ ನಗು, ಕೊನೆಗೆ ಪರದೆಯ ಚೌಕಗಳೆಲ್ಲ ಅಲುಗಾಡಿದವು. ಒಂದು ಚೌಕ ಮಾತ್ರ ಅಲುಗಲಿಲ್ಲ. ಅದರೊಳಗೆ ನಾಮದೇವ ಸರ್ ಅವರ ಮೀಸೆ ಇತ್ತು. ತಮ್ಮ ದನಿ ತಮಗೇ ಗದರುವುದನ್ನು ಅವರು ಕೇಳುತ್ತಿದ್ದರು.

ಸಾಹೇಬರು ನಗಲಿಲ್ಲ. "ಯಾರು ಮಾಡಿದ್ದು ಇದು? ಇಲಾಖೆಯ ಒಪ್ಪಿಗೆ ಇದೆಯಾ?"

ವೃಷಭನ ಕಣ್ಣು ನಾಮದೇವ ಸರ್ ಅವರ ಚೌಕದ ಮೇಲೆ ಬಿತ್ತು. ಹೆಸರು ಹೇಳಿದರೆ ಆ ಮೀಸೆ ಮಯೂರಿಯನ್ನು ಬಿಡುವುದಿಲ್ಲ ಎನಿಸಿತು.

"ಇಲ್ಲ ಸರ್... ಇದು ಬರೀ ಒಂದು ನಮೂನಾ," ಎಂದುಬಿಟ್ಟ.

ಅವಳನ್ನು ಕಾಪಾಡಿದೆ ಅಂದುಕೊಂಡ. ಹೆಡ್ ಮಾಸ್ತರರಿಗೆ ತಮ್ಮ ದನಿ ಗುರುತಿಸಲು ಬೇರೆಯವರ ಹೆಸರು ಬೇಕಿಲ್ಲ ಎಂಬಷ್ಟು ಸಣ್ಣ ವಿಷಯ ಆ ಗಣಿತದ ಮಾಸ್ತರನಿಗೆ ಹೊಳೆಯಲಿಲ್ಲ.

ಮಯೂರಿ ಫೋನು ಬೋರಲು ಹಾಕಿದಳು.

'ಬರೀ ನಮೂನಾ... ಎಲ್ಲಾರೂ ನಗೂತನಕ ನನ್ನ ಪಾಠ. ಯಾರದು ಅಂತ ಕೇಳಿದಕೂಡ್ಲೆ ಯಾರದೂ ಅಲ್ಲ.'

ಮರುದಿನ ನಾಮದೇವ ಸರ್ ಅವಳನ್ನು ಕರೆದರು. ಕಾಳಜಿ ಕೇಂದ್ರದ ಅನ್ನದ ಹಂಡೆಯ ಪಕ್ಕ ನಿಂತೇ ಹೇಳಿದರು.

"ಇನ್ನ ಮ್ಯಾಲ ಆಡಿಯೋ ಬಂದ್. ಇಲಾಖೆ ವಿಡಿಯೋ ಅಷ್ಟ ಕಳಸ್ರಿ. ನನ್ನ ಒತ್ತಡ ನಿಮಗ ಪಾಠ ಆಗೇತಿ ಅಂತ ನನಗ ಗೊತ್ತಿರಲಿಲ್ಲ, ಮೇಡಂ."

ಜೋಳಿಗೆಯ ತುಂಬ ದನಿಗಳಿದ್ದವಳು ಆ ದಿನ ಮೂಕಿಯಾಗಿ ಮನೆಗೆ ಬಂದಳು.

ವೃಷಭನ ಫೋನು ಬಂತು. ಎತ್ತಲಿಲ್ಲ. ಮತ್ತೆ ಬಂತು. ಎತ್ತಲಿಲ್ಲ.

* * *

ನೀರು ಇಳಿಯಿತು. ಭಾದ್ರಪದ ಬಂತು. ಶೇಡಬಾಳದ ಬಸದಿಗಳಲ್ಲಿ ದಶಲಕ್ಷಣ ಪರ್ವ ಮುಗಿದು, ಕ್ಷಮಾವಣಿಯ ದಿನ ಬಂತು.

ಆ ದಿನ ಜೈನರ ಮನೆಗಳಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ. ಅತ್ತೆ ಸೊಸೆಯ ಬಳಿ, ಅಂಗಡಿಯವನು ಗಿರಾಕಿಯ ಬಳಿ. ಕೈ ಮುಗಿದು, "ತಿಳದೋ ತಿಳೀದನೋ ತಪ್ಪಾಗಿದ್ರ ಕ್ಷಮಾ ಇರಲಿ" ಅನ್ನುತ್ತಾರೆ. ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ. ಮುಂಜಾನೆಯಿಂದ ಮಗದುಮ್ ಮನೆಯ ಪಡಸಾಲೆಯಲ್ಲಿ ಕ್ಷಮೆಯ ಸಂತೆ. ಮಯೂರಿಯ ಆಯಿ ಅಕ್ಕುತಾಯಿ ಗೋಡೆಗೊರಗಿ ಕೂತು, ಬಂದವರಿಗೆಲ್ಲ ಕ್ಷಮೆ ಕೊಟ್ಟು, ಕೈಗೆ ಸಕ್ಕರೆಯನ್ನೂ ಕೊಡುತ್ತಿದ್ದಳು.

ಹೊರಗೆ ಬೈಕು ನಿಂತಿತು.

ಬಿಳಿ ಅಂಗಿ ತೊಟ್ಟ ವೃಷಭ. ಚಿಕ್ಕೋಡಿಯಿಂದ ದಾರಿಯುದ್ದಕ್ಕೂ ಮಾತು ಕಲಿಯುತ್ತಾ ಬಂದಿದ್ದ. 'ನಿಮ್ಮನ್ನ ಕೇಳದ ಹಚ್ಚಿದೆ. ನಿಮ್ಮ ಹೆಸರ ಹೇಳಲಿಲ್ಲ. ಎರಡೂ ನನ್ನ ತಪ್ಪು.' ಮೂರೇ ವಾಕ್ಯ. ಗಾಳಿಗೆ ಹೇಳಿ ಹೇಳಿ ಬಾಯಿಪಾಠವಾಗಿತ್ತು.

ಹೊಸಿಲು ದಾಟಿ ನೋಡಿದರೆ, ಪಡಸಾಲೆ ತುಂಬ ಜನ. ಮಯೂರಿಯ ಅಪ್ಪ ಅಣ್ಣಾಸಾಬ, ನೆರೆಯವರು, ಆಯಿ. ನಡುವೆ ಅವಳು. ಎಲ್ಲರ ಕಣ್ಣೂ ಅವನ ಮೇಲೆ.

ಕಲಿತದ್ದು ಹಾರಿತು. ಕೈ ಮುಗಿದ.

"ತಿಳದೋ... ತಿಳೀದನೋ... ಏನರ ತಪ್ಪಾಗಿದ್ರ ಕ್ಷಮಾ ಇರಲಿ."

ಮಯೂರಿ ಅವನ ಮುಖ ನೋಡಿದಳು. ಒಂದು ಕ್ಷಣ ಕಾದಳು. ಇನ್ನೊಂದು ಮಾತು ಬರಲಿಲ್ಲ.

"ನಮ್ದೂ ಕ್ಷಮಾ ಇರಲಿ," ಎಂದಳು. ಎಲ್ಲರಿಗೂ ಹೇಳಿದಂತೆ.

ಆಯಿ ಅವನ ಕೈಗೆ ಸಕ್ಕರೆ ಹಾಕಿ, "ಯಾರ ಪೈಕಿಪಾ ನೀನು? ಲಗ್ನ ಆಗೇತೇನು?" ಎಂದು ಕೇಳಿದಳು. ವೃಷಭನ ಕಿವಿ ಕೆಂಪಾದವು. ಇಲ್ಲ ಎಂದು ತಲೆಯಾಡಿಸಿ, ಸಕ್ಕರೆ ಬಾಯಿಗೆ ಹಾಕಿಕೊಂಡು ಹೊರಟ. ಎದೆಯ ಮೇಲಿನ ಕಲ್ಲು ಇಳಿದಿತ್ತು. ಕ್ಷಮಿಸಿದಳು... ಅವಳೇ ಬಾಯಿಬಿಟ್ಟು ಹೇಳಿದಳು...

ಅವನ ಎದೆಯಿಂದ ಇಳಿದ ಕಲ್ಲು ನೇರ ಮಯೂರಿಯ ಎದೆಯ ಮೇಲೆ ಕೂತಿತ್ತು.

ಸಂಜೆ ಫೋನು ಬಂತು. ಈ ಸಲ ಎತ್ತಿದಳು.

"ಮೇಡಂ," ದನಿಯಲ್ಲಿ ಹಬ್ಬವಿತ್ತು, "ಹಂಗಾರ ನಾಳಿಂದ ಪಾಠ ಚಾಲೂ ಮಾಡೂಣಲ್ರಿ?"

"ಯಾವ ಪಾಠ? ನಮೂನಾದ್ದೇನು?"

ಆ ಕಡೆಯ ದನಿಯಿಂದ ಹಬ್ಬ ಇಳಿಯಿತು.

"ಮೇಡಂ... ಮುಂಜಾನೆ ಕ್ಷಮಾ ಕೇಳಿದ್ನೆಲ್ರಿ. ನೀವೂ ಕ್ಷಮಾ ಅಂದ್ರಿ."

"ಮುಂಜಾನೆ ಹಾಲಿನವ ಕೇಳ್ಯಾನ. ಅವಂಗೂ ಅಂದೇನಿ. ಕಿರಾಣಿ ಅಂಗಡಿ ಕಾಕಾ ಕೇಳ್ಯಾನ, ಅವಂಗೂ ಅಂದೇನಿ. ಊರ ಮಂದಿ ಎಲ್ಲಾ ಕೇಳೂ ದಿನಾ, ಊರ ಮಂದಿ ಮಾತ ಹೇಳಿ ಹೋದ್ರಿ. ಅದು ನನಗ ಕೇಳಿದ್ದೇನ್ರಿ?"

"ನಾನು ನಿಮ್ಮ ಸಲುವಾಗಿನ ಅಲ್ಲೀತನಕ..."

"ಪೆಟ್ರೋಲ್ ಖರ್ಚ ಮಾಡಿದ್ರ ತಪ್ಪಿಗೆ ಹೆಸರ ಬರೂದಿಲ್ರಿ ಸರ್. ಅವತ್ತ ಪಾಠಕ್ಕ ಹೆಸರ ಹೇಳಲಿಲ್ಲ. ಇವತ್ತ ತಪ್ಪಿಗೆ ಹೇಳಲಿಲ್ಲ. ನಂದು ಅಂತ ಇದ್ದದ್ದ ಆ ಪಾಠ ಒಂದ. ಅದನ್ನ ನಿಮ್ಮ ಕೈಯಾಗ ಕೊಟ್ಟಿದ್ನಿ."

ಫೋನು ಇಟ್ಟಳು. ಆಮೇಲೆ ಬಹಳ ಹೊತ್ತು ಅತ್ತಳು. ಆ ಅಳು ಮಾತ್ರ ಯಾರದೂ ನಕಲಾಗಿರಲಿಲ್ಲ.

* * *

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಇಳಿದ ಹೊಳೆ ಮತ್ತೆ ಏರಿತು. ಶಾಲೆ ಮತ್ತೆ ಕಾಳಜಿ ಕೇಂದ್ರವಾಯಿತು.

ಈ ಸಲ ಹುಡುಗರ ಹಿಂದೆ ಹೋದದ್ದು ವಿಡಿಯೋ ಪಾಠಗಳು. ಚೆಂದದ ಪಾಠಗಳೇ, ಬಣ್ಣವಿತ್ತು, ಸಂಗೀತವಿತ್ತು. ರೇಂಜು ಮಾತ್ರ ಇರಲಿಲ್ಲ.

"ಬಾಯಾರ," ಬೀರದೇವ ಗುಡ್ಡ ಹತ್ತಿ ನಿಂತು ಫೋನು ಮಾಡಿದ. ಟೀಚರನ್ನು ಅವನು ಕರೆಯುತ್ತಿದ್ದದ್ದು ಹಾಗೆ. "ನಮ್ಮ ಹುಡುಗಿ ಮುಂಜಾನಿಂದ ವಿಡಿಯೋ ಹಚ್ಚಿ ಕುಂತೈತ್ರಿ. ನಡುವ ಒಂದ್ ಚಕ್ರ ಗಿರಗಿರ ತಿರಗಾಕತ್ತೈತಿ. ಅದ ಪಾಠ ಏನ್ರಿ?"

"ಅಲ್ಲ, ಬೀರದೇವ."

"ಹಂಗಾರ ಆ ಹೆಡ್ ಮಾಸ್ತರ ಗಾಳಿ ಕಳಸ್ರಿ. ಮೊದಲಿಂದು ಕೇಳಿ ಕೇಳಿ ನನಗ ಬಾಯಿಪಾಠ ಆಗೇತಿ. ಕುರಿ ಹೊಡೀಯಾಕೂ ನಾ ಈಗ ಹಂಗ ಅಂತೀನಿ. ಮುಂದ ಸರೀರಿ, ಸಾಲ ಹಿಡೀರಿ ಅಂತ."

ಅಳಬೇಕೋ ನಗಬೇಕೋ ತಿಳಿಯದೆ ಮಯೂರಿ ಎರಡನ್ನೂ ಮಾಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ನೇರ ನಾಮದೇವ ಸರ್ ಬಳಿ ಹೋದಳು. ಬೈದರೆ ಬೈಯಲಿ. ಹುಡುಗರಿಗೆ ಪಾಠ ಹೋಗಬೇಕು.

ಅವರು ಕೇಂದ್ರದ ಅಂಗಳದಲ್ಲಿದ್ದರು. ಸುತ್ತ ಮಕ್ಕಳ ಗುಂಪು.

"ಸರ್, ಗಾಳಿ ಮಾತಾಡ್ರಿ."

"ಒಮ್ಮೆ ಅಷ್ಟ, ಸರ್."

"ಏ, ಮುಂದ ಸರೀರಿ," ಎಂದರು ನಾಮದೇವ ಸರ್ ಬೇಸತ್ತು. ಮಕ್ಕಳು ಕೇಕೆ ಹಾಕಿ ಸಾಲು ಹಿಡಿದರು. ಮೀಸೆಯ ಒಂದು ಮೂಲೆ ತಾನಾಗಿಯೇ ಮೇಲೇರಿದ್ದನ್ನು ಮಯೂರಿ ನೋಡಿದಳು. ಅವಳು ನೋಡಿದ್ದನ್ನು ಅವರೂ ನೋಡಿದರು.

"ಬರ್ರಿ ಮೇಡಂ. ಆಡಿಯೋ ವಿಷಯ ಅಲ್ಲ?"

"ಹೌದ್ರಿ ಸರ್. ನಿಮ್ಮ ದನಿ ತಗದ ಬ್ಯಾರೆ ಯಾರದರ..."

"ಯಾಕ ತಗೀತೀರಿ?" ಅವರು ದನಿ ತಗ್ಗಿಸಿದರು. "ನನಗ ಸಿಟ್ಟ ಬಂದಿದ್ದು ಅಣಕಾ ಮಾಡಿದ್ದಕ್ಕಲ್ಲ. ಅಲ್ಲಾ, ಒಂದ ಮಾತ ಕೇಳಬಾರದೇನು? ನನ್ನ ದನಿ, ನನಗ ಗೊತ್ತಿಲ್ಲದನ ಊರೆಲ್ಲಾ ಅಡ್ಡಾಡಿ ಬಂತು. ಕೇಳಿದ್ರ ನಾನ ಕುಂತ ಮಾಡಿ ಕೊಡತಿದ್ದೆ. ನೀವು ಮಾಡಿದ್ರಾಗ ಉಸಿರ ಕಮ್ಮಿ ಐತಿ."

ಮಯೂರಿ ನಿಂತಲ್ಲೇ ನಿಂತಳು.

'ಒಂದ ಮಾತ ಕೇಳಬಾರದೇನು...'

ಇದು ಅವಳದೇ ಮಾತು. ಆ ಸಭೆಯ ದಿನ ವೃಷಭನಿಗೆ ಅವಳು ಮನಸ್ಸಿನಲ್ಲೇ ಎಸೆದ ಮಾತು. ಹೆಡ್ ಮಾಸ್ತರರ ದನಿ, ಆಯಿಯ ಮೊಣಕಾಲು... ಆ ಕತ್ತಲ ಸಭಾಂಗಣದಲ್ಲಿ ಅವನ 'ಬಂಧುಗಳೇ'. ಯಾರನ್ನು ಕೇಳಿ ತಗೊಂಡಿದ್ದಳು ಅವಳು?

"ಸರ್," ಎಂದಳು, ಸಣ್ಣ ದನಿಯಲ್ಲಿ, ತನ್ನದೇ ದನಿಯಲ್ಲಿ. "ನಿಮ್ಮನ್ನ ಕೇಳದ ನಿಮ್ಮ ದನಿ ಮಾಡಿದೆ. ನನ್ನ ತಪ್ಪು."

"ಹೌದು, ತಪ್ಪ. ಈಗ ಫೋನ್ ಹಚ್ರಿ. ಗಾಳಿ ಬೀಸೂಣು."

ಅಂದು ಕಾಳಜಿ ಕೇಂದ್ರದ ಹಿಂದಿನ ಕೋಣೆಯಲ್ಲಿ, ಅಕ್ಕಿಯ ಚೀಲಗಳ ನಡುವೆ ಕೂತು, ನಾಮದೇವ ಸರ್ ಸ್ವತಃ ಗಾಳಿಯಾದರು. ಉಸಿರು ನಿಜಕ್ಕೂ ಚೆನ್ನಾಗಿತ್ತು.

ಮನೆಗೆ ಬಂದು ಆಯಿಗೂ ಕೇಳಿಸಿದಳು. ಆಯಿ ಪೂರ್ತಿ ಕೇಳಿ, "ಯಾರದವ್ವಾ ಈ ಮುದುಕಿ, ಇಷ್ಟ ನರಳ್ತಾಳ?" ಅಂದಳು.

ಮಯೂರಿ ಫೋನಿನಲ್ಲಿ ವೃಷಭನ ಹೆಸರು ತೆರೆದಳು. ಮುಚ್ಚಿದಳು. ತೆರೆದಳು. '...ನಾನೂ ಏನ್ ಕಮ್ಮಿ ಮಾಡಿಲ್ಲ. ಆದ್ರೂ ಮೊದಲ ಅಂವ ಹೇಳಲಿ.' ತಪ್ಪು ಅರಿವಾಗುವುದು ಒಂದು, ಬಿಂಕ ಇಳಿಯುವುದು ಇನ್ನೊಂದು. ಹೊಳೆಯ ನೀರಿನಂತೆಯೇ, ಅದು ತನ್ನ ಹೊತ್ತಿಗೆ ತಾನೇ ಇಳಿಯಬೇಕು.

* * *

ಅಕ್ಟೋಬರಿನಲ್ಲಿ ಮತ್ತೆ ಚಿಕ್ಕೋಡಿ. ಅದೇ ಸಭಾಂಗಣ, ಅದೇ ಪರದೆ, ಅದೇ ಐದು ತಾಲೂಕಿನ ಮುಖಗಳು. ಮುಂದಿನ ಸಾಲಿನಲ್ಲಿ ಅದೇ ಸಾಹೇಬರು. ಮಯೂರಿ ಹಿಂದೆ ಕೂತಳು. ಪಕ್ಕದಲ್ಲಿ ನಾಮದೇವ ಸರ್.

ವೃಷಭ ವೇದಿಕೆ ಹತ್ತಿದ. ಸಣ್ಣಗಾಗಿದ್ದ. ಮೈಕು ಹಿಡಿದ.

"ಇವತ್ತ ಯಾವ ಪರ್ವಾನೂ ಅಲ್ಲ," ಎಂದ.

ಮೊದಲ ಸಲ 'ಬಂಧುಗಳೇ' ಇಲ್ಲದೆ ಮಾತು ಶುರುವಾಗಿತ್ತು. ಮಯೂರಿ ತಲೆ ಎತ್ತಿದಳು.

"ಹಬ್ಬಾನೂ ಅಲ್ಲ. ಬರೀ ಮಂಗಳವಾರ. ಹಿಂದ ಆನ್‌ಲೈನ್ ಸಭಾದಾಗ ಒಂದ ಪಾಠ ಕೇಳಸಿದ್ನಿ. ಅದು ಮಯೂರಿ ಮಗದುಮ್ ಮೇಡಂ ಅವರದು. ಅವ್ರನ್ನ ಕೇಳದ ಹಚ್ಚಿದೆ. ಯಾರದು ಅಂತ ಸಾಹೇಬ್ರು ಕೇಳಿದಾಗ ಹೆಸರ ಹೇಳಲಿಲ್ಲ. ನಮೂನಾ ಅಂದೆ. ಎರಡೂ ನನ್ನ ತಪ್ಪು. ಆ ತಪ್ಪಿನಿಂದ ಹುಡುಗ್ರಿಗೆ ಪಾಠ ನಿಂತ್ವು."

ಸಾಹೇಬರು ಪೆನ್ನು ಕೆಳಗಿಟ್ಟರು.

"ಮೇಡಂ, ಅದನ್ನ ಇವತ್ತ ಮತ್ತ ಕೇಳಸಬೇಕು ಅಂತ ಆಸೆ ಐತಿ. ನೀವು ಬ್ಯಾಡ ಅಂದ್ರ ನಾ ಕೆಳಗ ಇಳೀತೀನಿ. ಹಚ್ಚಲೇನ್ರಿ?"

ಎಲ್ಲರ ಕುತ್ತಿಗೆಗಳೂ ಹಿಂದೆ ತಿರುಗಿದವು. ಮಯೂರಿಯ ನೂರು ದನಿಗಳಲ್ಲಿ ಒಂದೂ ಹೊರಡಲಿಲ್ಲ. ತಲೆಯಾಡಿಸಿದಳು, ಆಗಲಿ ಎಂಬಂತೆ.

"ತಡೀರಿ," ನಾಮದೇವ ಸರ್ ಎದ್ದು ನಿಂತರು. "ನನ್ನೂ ಕೇಳಬೇಕು. ಗಾಳಿ ನಂದು."

ನಗು ಇನ್ನೂ ಏಳುವ ಮುನ್ನವೇ ಸೇರಿಸಿದರು, "ಹಳೇದು ಬ್ಯಾಡ, ಹೊಸಾದ ಹಚ್ರಿ. ಅದರಾಗ ನಾನ ಮಾತಾಡೇನಿ."

ಹೊಸದನ್ನೇ ಹಚ್ಚಿದರು. ಅದೂ ಮಯೂರಿಯ ಫೋನಿನಿಂದಲೇ, ಅವಳನ್ನು ಕೇಳಿಯೇ. ಅದೇ ನಗು, ಅದೇ ಸಭೆ. ಆದರೆ ಈ ಸಲ ಮಯೂರಿಗೆ ಆ ನಗು ಚುಚ್ಚಲಿಲ್ಲ. ನಕ್ಕವರಿಗೆಲ್ಲ ಅವಳ ಹೆಸರು ಗೊತ್ತಿತ್ತು.

ಸಾಹೇಬರೂ ನಕ್ಕರು. ಇಂಥ ಪಾಠಗಳನ್ನು ಐದೂ ತಾಲೂಕಿಗೆ ಮಾಡಿಕೊಡುತ್ತೀರಾ ಎಂದು ಮಯೂರಿಯನ್ನೇ ಕೇಳಿದರು.

"ಮಾಡ್ತೀನ್ರಿ ಸರ್. ದನಿ ಕೊಡೂವ್ರನ್ನ ಮೊದಲ ಕೇಳಿ ಮಾಡ್ತೀನಿ," ಎಂದಳು.

"ಬಂಧುಗಳೇ, ಚಹಾ ವಿರಾಮ," ಎಂದ ವೃಷಭ. ಎಲ್ಲರೂ ಒಮ್ಮೆ ಅವನನ್ನು, ಒಮ್ಮೆ ಮಯೂರಿಯನ್ನು ನೋಡಿ, ನಿಜವಾದದ್ದೇ ಎಂದು ಖಾತ್ರಿಮಾಡಿಕೊಂಡು ಎದ್ದರು.

ಸಭಾಂಗಣ ಖಾಲಿಯಾಯಿತು.

ಅವನು ವೇದಿಕೆಯ ಬಳಿ. ಅವಳು ಹಿಂದಿನ ಸಾಲಿನಲ್ಲಿ. ಇಬ್ಬರೂ ನಡೆದು ಬಂದು ನಡುವಿನ ಕುರ್ಚಿಗಳ ಬಳಿ ನಿಂತರು.

"ಮೇಡಂ..."

"ಹ್ಞಾಂ..."

"ಒಂದ ಮಾತ... ಅಂದ್ರ... ನಿಮಗ..." ವೃಷಭ ಬೆವರೊರೆಸಿಕೊಂಡ. "ಮತ್ತ... ಊಟ ಆಯ್ತ್ರಿ?"

ಮಯೂರಿ ಅವನನ್ನೇ ನೋಡಿದಳು. ಐದು ತಾಲೂಕಿನ ಮುಂದೆ ತಪ್ಪು ಒಪ್ಪಿಕೊಂಡ ಗಂಡಸು, ಇಲ್ಲಿ ಮತ್ತೆ ಊಟಕ್ಕೇ ಬಂದು ನಿಂತಿದ್ದ. ಇವನನ್ನು ಹೀಗೇ ಬಿಟ್ಟರೆ ಇನ್ನೊಂದು ಮಳೆಗಾಲ ಬರುತ್ತದೆ.

ಅವಳು ಗಂಟಲು ಸರಿಮಾಡಿಕೊಂಡಳು.

"ಬಂಧುಗಳೇ," ಎಂದಳು, ಮೂಗಿನಿಂದ, ಒಂದು ಮೆಟ್ಟಿಲು ಹತ್ತಿ, "ಅಲ್ಲಲ್ಲ, ಮಯೂರಿ... ನೀನಂದ್ರ ನನಗ ಜೀವ. ನಮ್ಮ ಅವ್ವಾ ಅಪ್ಪನ್ನ ಕರಕೊಂಡ ನಿಮ್ಮ ಮನಿಗೆ ಬರ್ಲೇನು?"

ವೃಷಭ ದಂಗಾದ. ಮನಸ್ಸಿನಲ್ಲಿದ್ದದ್ದೆಲ್ಲ, ತನ್ನದೇ ದನಿಯಲ್ಲಿ, ಎದುರಿಗೆ ನಿಂತು ಮಾತಾಡುತ್ತಿತ್ತು.

ಆಮೇಲೆ ಅವನ ಮುಖದಲ್ಲಿ ಏನೋ ಹೊಳೆಯಿತು.

"ಇದು ನನ್ನ ದನಿ," ಎಂದ ಮೆಲ್ಲಗೆ. "ನನ್ನ ಕೇಳದ ತಗೊಂಡ್ರಿ."

ಮಯೂರಿ ಸಿಕ್ಕಿಬಿದ್ದಿದ್ದಳು.

"ಕ್ಷಮಾ ಇರಲಿ," ಎಂದಳು.

"ಹಂಗ ಅಲ್ರಿ. ತಪ್ಪಿಗೆ ಹೆಸರ ಹೇಳಬೇಕು. ನೀವ ಕಲಸಿದ್ದು."

ಅವಳು ಕಣ್ಣು ತಗ್ಗಿಸಿದಳು. ಈ ಸಲ ತುಂಟತನ ಇರಲಿಲ್ಲ. "ಆವತ್ತ ಕತ್ತಲ್ಯಾಗ ನಿಮ್ಮ ದನಿ ಕೇಳದ ತಗೊಂಡೆ. ಅವತ್ತಿಂದ ವಾಪಸ್ ಕೊಡಾಕ ಮನಸ ಬರವಲ್ದು. ಅದು ನನ್ನ ತಪ್ಪು."

"ಇಟ್ಕೋರಿ," ಎಂದ ವೃಷಭ. ಅವನ ದನಿ ಎದೆಯಿಂದ ಬಂತು. "ಮೊದಲಿಂದ ನಿಮ್ಮ ಕಡೇನ ಐತಿ. ಮತ್ತ ಆ ದನಿ ಈಗ ಕೇಳಿತಲ್ಲ, ಅದರ ಪ್ರತಿ ಅಕ್ಷರಾನೂ ನಂದ. ಉತ್ತರಾ ಮಾತ್ರ ನಿಮ್ಮ ದನ್ಯಾಗ ಬೇಕು."

ಹೊರಗೆ ಚಹಾದ ಲೋಟಗಳ ಸದ್ದು. ಯಾರೋ ಬಾಗಿಲ ಸಂದಿಯಿಂದ ಇಣುಕಿದರು, ನಾಮದೇವ ಸರ್ ಅವರ ದನಿ ಗದರಿತು, "ಏ, ಮುಂದ ಸರೀರಿ, ಅಲ್ಲೇನ್ ಕೆಲಸಾ?"

ವೃಷಭ ನಕ್ಕ. ಅದೇ ನಗು, ಆಳದಿಂದ, ಒಂದಿಷ್ಟು ತಡವಾಗಿ. ಇದನ್ನು ಕಲಿಯಲು ತನಗೆ ಇಡೀ ಬದುಕು ಬೇಕಾಗುತ್ತದೆ ಎನಿಸಿತು ಮಯೂರಿಗೆ. ಬೇಕಾದರೆ ಬೇಕಾಗಲಿ.

"ಕರಕೊಂಡ ಬರ್ರಿ," ಎಂದಳು, ತನ್ನದೇ ದನಿಯಲ್ಲಿ. "ಆದ್ರ ಹೊತ್ತ ಮುಳುಗೂ ಮುಂಚೆ ಬರ್ರಿ."

"ಯಾಕ?"

"ತಡಾ ಮಾಡಿದ್ರ, ಹೆಣ್ಣ ಸಿಗತೈತಿ... ಊಟಾ ಸಿಗೂದಿಲ್ಲ."